ಅಪ್ಪನನ್ನು ಕುರ್ಚಿಯ ಮೇಲೆ ಕೂರಿಸಬೇಡಿ

ನಿಮ್ಮ ಪ್ರಶ್ನೆಯಲ್ಲಿ 2015ರ ನಾನೇ ಕಂಡೆ. ನಿಮ್ಮ ಅಪ್ಪನಿಗೆ ಎಪ್ಪತ್ತೆಂಟು, ಊರು ಹೊನ್ನಾವರದ ಹತ್ತಿರ, ದೀಪಾವಳಿಗೆ ನಾಲ್ಕು ದಿನ ರಜೆ. ಅಷ್ಟರಲ್ಲಿ ಅವರ ಬದುಕು, ಮನೆತನದ ಕಥೆ ಎಲ್ಲ ರೆಕಾರ್ಡ್ ಮಾಡಿಕೊಳ್ಳಬೇಕು, ಐವತ್ತು ಪ್ರಶ್ನೆಗಳ ಪಟ್ಟಿ ತಯಾರಿದೆ, ಇನ್ನೇನು ಸೇರಿಸಲಿ, ಉತಾರ (ಪಹಣಿ), ವಂಶಾವಳಿಯಿಂದ ಶುರು ಮಾಡಲೇ ಎಂದು ಕೇಳಿದ್ದೀರಿ. ಏನೂ ಸೇರಿಸಬೇಡಿ. ಆ ಪಟ್ಟಿಯನ್ನು ಹರಿದುಹಾಕಿ.

ನಮ್ಮದು ಕುಮಟಾ ತಾಲೂಕು, ಅಘನಾಶಿನಿ ಹೊಳೆಯ ದಂಡೆ. ಗಜನಿ ಗದ್ದೆಯವರು ನಾವು. ಭರತಿಗೆ ಉಪ್ಪುನೀರು ಏರುವ ತಗ್ಗು ಜಾಗ ಅದು. ಅಲ್ಲಿ ಬೇರೆ ಭತ್ತ ಬದುಕುವುದಿಲ್ಲ, ಕಗ್ಗ ಎನ್ನುವ ತಳಿ ಮಾತ್ರ. ಮಳೆ ಬಿದ್ದು ಉಪ್ಪು ತೊಳೆದುಹೋದ ಮೇಲೆ ಮೊಳಕೆ ಬಂದ ಬೀಜ ಬಿತ್ತುವುದು. ಆಮೇಲೆ ಗೊಬ್ಬರವೂ ಇಲ್ಲ, ಔಷಧಿಯೂ ಇಲ್ಲ. ಕೊಯ್ಲಾದ ಮೇಲೆ ಉಳಿದ ಕೂಳೆ ಅಲ್ಲೇ ಕೊಳೆತು ಸಿಗಡಿ, ಮೀನಿಗೆ ಮೇವಾಗುತ್ತದೆ.

ಅಜ್ಜ ಗೇಣಿ ಒಕ್ಕಲು. ಮೂರು ಗದ್ದೆ ಮಾಡುತ್ತಿದ್ದ: ದೊಡ್ಡಗಜನಿ, ಹೊಳೆಬದಿ, ಕೋಡಿಗದ್ದೆ. ಒಡೆಯರಿಗೆ ಖಂಡಿ ಲೆಕ್ಕದಲ್ಲಿ ಭತ್ತ ಅಳೆದು ಕೊಟ್ಟು ಉಳಿದದ್ದು ಮನೆಗೆ. ಆಮೇಲೆ ದೇವರಾಜ ಅರಸು ಕಾಲದ ಭೂಸುಧಾರಣೆ ಬಂತಲ್ಲ. 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವರು ಫಾರಂ 7ರಲ್ಲಿ ಅರ್ಜಿ ಹಾಕಬೇಕಿತ್ತು, ಭೂನ್ಯಾಯ ಮಂಡಳಿ ವಿಚಾರಣೆ ಮಾಡಿ ಅವರ ಹೆಸರಿಗೆ ಮಾಡಿಕೊಡುತ್ತಿತ್ತು. ದೊಡ್ಡಗಜನಿ, ಹೊಳೆಬದಿ ಎರಡೂ ಹಾಗೆ ನಮ್ಮದಾದವು. ಕೋಡಿಗದ್ದೆ ಆಗಲಿಲ್ಲ, ಯಾಕೆಂದರೆ ಅಜ್ಜ ಅದಕ್ಕೆ ಅರ್ಜಿಯನ್ನೇ ಹಾಕಲಿಲ್ಲ. ಮೂರರಲ್ಲಿ ಒಳ್ಳೆಯ ಗದ್ದೆ ಅದೇ ಆಗಿತ್ತು.

ಯಾಕೆ ಹಾಕಲಿಲ್ಲ? ನಾನು ಚಿಕ್ಕವನಿದ್ದಾಗಿಂದ ಈ ಪ್ರಶ್ನೆ ನಮ್ಮ ಮನೆಯಲ್ಲಿತ್ತು. ಹಬ್ಬಕ್ಕೆ ನಾಲ್ಕು ಜನ ಸೇರಿದರೆ ಯಾರಾದರೂ ಒಬ್ಬರು ಕೋಡಿಗದ್ದೆಯ ಮಾತು ತೆಗೆಯುತ್ತಿದ್ದರು, ಅಪ್ಪ ಎದ್ದು ಕೊಟ್ಟಿಗೆಯ ಕಡೆ ಹೋಗುತ್ತಿದ್ದ. ಅಜ್ಜನ ಜೊತೆ ಕಚೇರಿಗೆ ಓಡಾಡಿದವನು ಅಪ್ಪ. ಉತ್ತರ ಗೊತ್ತಿದ್ದದ್ದು ಅವನೊಬ್ಬನಿಗೇ.

2015ರ ಜುಲೈ. ಮಳೆ ಹೊಡೆಯುತ್ತಿತ್ತು. ಹುಬ್ಬಳ್ಳಿಯಿಂದ ರಜೆಗೆ ಬಂದಿದ್ದೆ. ಜಗಲಿಯ ಮೇಲೆ ಕುರ್ಚಿ ಹಾಕಿ, ಎದುರು ಸ್ಟೂಲಿನ ಮೇಲೆ ಫೋನ್ ಇಟ್ಟು, ಬಾ ಅಪ್ಪ, ಕೂತ್ಕೋ ಎಂದೆ. ಅಪ್ಪ ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದ. ಮನೆಯಲ್ಲಿ ಯಾವತ್ತೂ ಅಂಗಿ ಹಾಕದ ಮನುಷ್ಯ. ಅವನಿಗೆ ಅದು ತಹಶೀಲ್ದಾರರ ಮುಂದೆ ನಿಂತ ಹಾಗೇ ಆಗಿತ್ತು ಎಂದು ಆಗಲೇ ನನಗೆ ತಿಳಿಯಬೇಕಿತ್ತು. ಹುಟ್ಟಿದ ವರ್ಷ ಕೇಳಿದೆ. ಶಾಲೆ ದಾಖಲೆಯಲ್ಲಿ 1942 ಎಂದ. ಅಜ್ಜನ ಅಪ್ಪ ಎಲ್ಲಿಯವರು ಎಂದರೆ ಒಂದು ಮಾತಿನ ಉತ್ತರ. ಗೇಣಿ ಎಷ್ಟು ಎಂದರೆ ಒಂದು ಮಾತಿನ ಉತ್ತರ. ನನ್ನ ಪಟ್ಟಿಯಲ್ಲಿ ಸರಸರ ಗೆರೆ ಬೀಳುತ್ತಿತ್ತು, ನನಗೆ ಖುಷಿ.

22ನೇ ನಿಮಿಷಕ್ಕೆ ನಾನು ಕೇಳದೆಯೇ ಅಪ್ಪ ತಾನಾಗಿ ಶುರು ಮಾಡಿದ. ಧ್ವನಿಯೇ ಬೇರೆ ಆಗಿತ್ತು. "ಕೋಡಿಗದ್ದೆದು ಹೇಳ್ತೆ ಕೇಳು. ಎಮರ್ಜೆನ್ಸಿ ಮುಗಿದಿತ್ತು, ಅರ್ಜಿ ವಾಯಿದೆನೂ ಮುಗಿದಿತ್ತು. ಆಗ ಒಂದಿನ ರಾತ್ರಿ ಒಡೆಯರ ಮನೆಯಿಂದ..."

ನಾನು ಬಾಯಿ ಹಾಕಿದೆ. "ಇಲ್ಲ ಅಪ್ಪ, ಎಮರ್ಜೆನ್ಸಿ ಮುಗಿದದ್ದು 1977ರ ಮಾರ್ಚ್. ಅರ್ಜಿಗೆ ಕೊನೇ ದಿನ 1979 ಜೂನ್ 30. ಇನ್ನೂ ಎರಡು ವರ್ಷ ಇತ್ತು."

ಹಿಂದಿನ ವಾರವಷ್ಟೇ ಕಾಯ್ದೆ ಓದಿಕೊಂಡು ಬಂದಿದ್ದೆ. ಅಪ್ಪ ನನ್ನ ಮುಖ ನೋಡಿದ. ಸಿಟ್ಟು ಮಾಡಲಿಲ್ಲ. "ನಿಂಗೆ ಎಲ್ಲ ಗೊತ್ತಿದ್ರೆ ನನ್ನ ಎಂತಕೆ ಕೇಳ್ತೆ" ಎಂದು ಹೇಳಿ ಕವಳದ ಸಂಚಿ ಬಿಚ್ಚಿದ. ರೆಕಾರ್ಡಿಂಗಿನಲ್ಲಿ ಆಮೇಲೆ ಕೇಳುವುದು ಅಡಿಕೆ ಕತ್ತರಿಸುವ ಸದ್ದು, ಮಳೆ, ಆಯಿ (ಅಮ್ಮ) ಒಳಗಿಂದ ಚಾ ಬೇಕಾ ಎಂದು ಕೇಳಿದ್ದು.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಇದನ್ನೇ ಮಾಡುವ ದಾರಿಯಲ್ಲಿದ್ದೀರಿ. ನಾನು ದೊಡ್ಡವರ ಮಾತಿಗೆ ಅಡ್ಡ ಬಂದೆ ಎನ್ನುವುದು ಅದರಲ್ಲಿ ಸಣ್ಣ ಭಾಗ. ದೊಡ್ಡ ಭಾಗ ಏನೆಂದರೆ, ತಪ್ಪಿದ್ದದ್ದು ನಾನು. ಆ ವಾಯಿದೆ ಒಂದೇ ಸಲ ಇಟ್ಟದ್ದಲ್ಲ. ಮೊದಲು ಒಂದು ದಿನ ಇಟ್ಟರು, ಮುಂದಕ್ಕೆ ಹಾಕಿದರು, ಮತ್ತೆ ಹಾಕಿದರು, ಹೀಗೆ ಹೋಗಿ ಕಡೆಗೆ 1979 ಜೂನ್ 30ಕ್ಕೆ ನಿಂತದ್ದು. ನಾನು ಓದಿದ್ದು ಆ ಕೊನೆಯ ದಿನವನ್ನು ಮಾತ್ರ. ಹೊಳೆದಂಡೆಯಲ್ಲಿ ಕೂತವರಿಗೆ ವಾಯಿದೆ ಮುಗಿಯಿತು ಎಂದು ಯಾರೋ ಬಂದು ಹೇಳಿದರೆ ಮುಗಿದ ಹಾಗೇ. ಮುಂದೆ ಮತ್ತೆ ತೆರೆಯುತ್ತದೆ ಎಂದು ಅಜ್ಜನಿಗೆ ಹೇಗೆ ಗೊತ್ತಾಗಬೇಕು? ಅಪ್ಪ ಹೇಳುತ್ತಿದ್ದದ್ದು ಅವತ್ತು ಅವರಿಗೆ ಗೊತ್ತಿದ್ದದ್ದನ್ನು. ಕಥೆ ಇದ್ದದ್ದೇ ಅಲ್ಲಿ. ನಾನು ಇವತ್ತಿನ ಲೆಕ್ಕ ಹಿಡಿದು ಅದನ್ನು ಸುಳ್ಳು ಮಾಡಿದೆ. ಮತ್ತೆ ಆ "ಒಡೆಯರ ಮನೆಯಿಂದ..." ಎನ್ನುವ ಮಾತು. ಯಾರು ಬಂದರು? ಏನು ಕೇಳಿದರು? ವರ್ಷವನ್ನು ನಾನು ಆಮೇಲೆ ಯಾವ ಕಚೇರಿಯಲ್ಲಾದರೂ ನೋಡಬಹುದಿತ್ತು. ಆ ರಾತ್ರಿ ಯಾವ ಕಚೇರಿಯಲ್ಲಿ ಸಿಗುತ್ತದೆ ಹೇಳಿ.

ಮುಂದಿನ ವರ್ಷ ಡಿಸೆಂಬರಿನಲ್ಲಿ ಊರಿಗೆ ಬಂದಾಗ ಅಪ್ಪ ಗದ್ದೆಗೆ ಹೊರಟಿದ್ದ, ಸುಮ್ನೆ ಹಿಂದೆ ಹೋದೆ. ಫೋನ್ ಮನೆಯಲ್ಲೇ ಇತ್ತು. ಕಟ್ಟೆಯ ಮೇಲೆ ನಡೆಯುತ್ತಾ ನಡೆಯುತ್ತಾ ಅಪ್ಪ ಮಾತಾಡಿದ. ನೀರು ಬಿಡುವ ಹಲಗೆ ಬಾಗಿಲ ಹತ್ತಿರ ಕೂತು, ನೀರಿಗೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ, ಬಿತ್ತುವ ಮುಂಚೆ ಅಜ್ಜ ಹೀಗೇ ನೋಡ್ತಿದ್ದ ಎಂದ. ನನಗೂ ನೋಡು ಎಂದ. ನನಗೆ ಬರೀ ಉಪ್ಪು. ಎಷ್ಟು ಉಪ್ಪಾದರೆ ಇನ್ನೂ ನಾಲ್ಕು ಮಳೆ ಕಾಯಬೇಕು, ಎಷ್ಟಾದರೆ ನಾಳೆಯೇ ಬೀಜ ನೆನೆಸಬಹುದು, ಅದೆಲ್ಲ ಅವನ ನಾಲಿಗೆಯಲ್ಲಿತ್ತು. ಒಂದು ಅಮಾಸೆ ಭರತಿಗೆ ಕಟ್ಟೆ ಒಡೆದು, ರಾತ್ರಿ ಊರಿಗೆ ಊರೇ ದೊಂದಿ ಹಿಡಿದು ಹೊರಟು ಮಣ್ಣು, ಹುಲ್ಲು, ಮರದ ಕೊಂಬೆ ಹಾಕಿ ನಿಲ್ಲಿಸಿದ್ದು ಹೇಳಿದ. ಆಮೇಲೆ ಉಪ್ಪುನೀರು ತಡೆಯುವ ಸರ್ಕಾರದ ಖಾರ್‌ಲ್ಯಾಂಡ್ ಕಟ್ಟೆ ಬಂತು, ರಾತ್ರಿ ಏಳುವುದು ತಪ್ಪಿತು, ಊರವರು ಸೇರುವುದೂ ತಪ್ಪಿತು ಎಂದ. ಅಜ್ಜ ರೈತಕೂಟದ ಸಭೆಗೆ ಬುತ್ತಿ ಕಟ್ಟಿಕೊಂಡು ಅಂಕೋಲೆಗೆ ನಡೆದು ಹೋದದ್ದು ನನಗೆ ಗೊತ್ತೇ ಇರಲಿಲ್ಲ. ದಿನಕರ ದೇಸಾಯಿಯವರು ಕಟ್ಟಿ ಬೆಳೆಸಿದ ರೈತಕೂಟ. ಇದೇ ದೇಸಾಯಿಯವರನ್ನು ಬ್ರಿಟಿಷ್ ಸರ್ಕಾರ ಐದು ವರ್ಷ ಜಿಲ್ಲೆಯಿಂದ ಗಡಿಪಾರು ಮಾಡಿತ್ತು. ಅಂಥವರ ಸಭೆಗೆ ಹೋಗಿ ಬಂದ ಮನುಷ್ಯ ಕೋಡಿಗದ್ದೆಯನ್ನು ಬಿಟ್ಟುಕೊಟ್ಟ ಎಂದರೆ ಹೆದರಿ ಬಿಟ್ಟಿರಲಿಕ್ಕಿಲ್ಲ ಅಲ್ವಾ?

ಅವತ್ತೇ ಕೇಳಬಹುದಿತ್ತು. ಮತ್ತೆ ಮುಚ್ಚಿಕೊಂಡರೆ ಎಂದು ಹೆದರಿ ಬೇಸಿಗೆ ರಜೆಗೆ ಕೇಳೋಣ ಎಂದುಕೊಂಡೆ. ಬೇಸಿಗೆಗೆ ಅಪ್ಪ ಇರಲಿಲ್ಲ.

ಈಗ ಕೋಡಿಗದ್ದೆಯ ಬಗ್ಗೆ ನನ್ನ ಹತ್ತಿರ ಎರಡು ಕಥೆ ಇವೆ. ಒಡೆಯರ ಮನೆಯಲ್ಲಿ ಗಂಡ ಸತ್ತ ಹೆಂಗಸು, ಸಣ್ಣ ಮಕ್ಕಳು, ಅವರಿಗೆ ಉಳಿದದ್ದೇ ಆ ಗದ್ದೆ, ಅದಕ್ಕೇ ಅಜ್ಜ ಬಿಟ್ಟ ಎಂದು ಅತ್ತೆ ಹೇಳುತ್ತಾಳೆ. ಬಾಯಿಮಾತಿನ ಗೇಣಿ, ಪಾವತಿ ಚೀಟಿ ಇರಲಿಲ್ಲ, ಅರ್ಜಿ ಹಾಕಿದರೂ ನಿಲ್ಲುತ್ತಿರಲಿಲ್ಲ ಎಂದು ಪಕ್ಕದ ಮನೆಯ ಅಜ್ಜ ಹೇಳುತ್ತಾರೆ. ಮೊದಲನೆಯದು ನಿಜವಾದರೆ ನನ್ನ ಅಜ್ಜ ಒಬ್ಬ ಮನುಷ್ಯ, ಎರಡನೆಯದು ನಿಜವಾದರೆ ಬೇರೆಯೇ ಮನುಷ್ಯ. ಯಾರ ಮೊಮ್ಮಗ ನಾನು ಎಂದು ನನ್ನ ಮಗಳಿಗೆ ಹೇಳಲು ನನಗೆ ಆಗುತ್ತಿಲ್ಲ.

ಅದಕ್ಕೇ ಹೇಳುತ್ತೇನೆ, ಉತಾರದಿಂದ ಶುರು ಮಾಡಬೇಡಿ. ವಂಶಾವಳಿ ಖಾತೆ ಬದಲಾವಣೆಗೆ ಬೇಕು, ಕಥೆಗೆ ಬೇಡ. ತಾಲೂಕು ಕಚೇರಿಯಲ್ಲಿ ಫಾರಂ 7, ಮಂಡಳಿಯ ಆದೇಶ, ಹಕ್ಕುಪತ್ರದ ಫಾರಂ 10 ಹುಡುಕಬೇಕೆಂದಿದ್ದರೆ ಮುಂದಿನ ವರ್ಷ ಹುಡುಕಿ. ಕಾಗದ ಕಾಯುತ್ತದೆ. ಉತಾರದಲ್ಲಿ ಸರ್ವೆ ನಂಬರ್ ಇರುತ್ತದೆ, ಗದ್ದೆಯ ಹೆಸರು ಇರುವುದಿಲ್ಲ. ಅಪ್ಪನಿಗೆ ಸರ್ವೆ ನಂಬರ್ ಗೊತ್ತಿರುವುದಿಲ್ಲ, ಹೆಸರು ಗೊತ್ತಿರುತ್ತದೆ. ಆ ಹೆಸರು ಹೇಗೆ ಬಂತು ಎಂದು ಕೇಳಿದರೆ ಒಂದು ಸಂಜೆಗೆ ಅಷ್ಟೇ ಸಾಕು.

ವರ್ಷ ಕೇಳಲೇಬೇಡಿ. ನಮ್ಮ ಕಡೆಯ ಹಿರಿಯರು ವರ್ಷ ಎಣಿಸುವುದು ಬೇರೆ ಥರ. ಮುಂಬೈ ಸರ್ಕಾರ ಇದ್ದಾಗ ಎಂದರೆ 1956ಕ್ಕಿಂತ ಮುಂಚೆ. ರೈಲು ಬಂದ ಮೇಲೆ ಎಂದರೆ 1998ರ ಈಚೆ. ಅಪ್ಪ ರೈಲನ್ನು ಎಮರ್ಜೆನ್ಸಿಗಿಂತ ಮುಂಚೆ ತಂದು ನಿಲ್ಲಿಸಿದರೂ ಹೂಂ ಎನ್ನಿ. ನೀವು ಮನೆಗೆ ಬಂದು ಬರೆಯುವಾಗ ಸರಿ ಮಾಡಿಕೊಳ್ಳಿ, ಅವರ ಎದುರು ಬೇಡ.

ಅಮ್ಮ ಇದ್ದರೆ ಅವರ ಹತ್ತಿರ ಬೇರೆಯಾಗಿ ಕೂರಿ, ಅಪ್ಪ ಇಲ್ಲದಾಗ. ಗಂಡಸರು ಗದ್ದೆ, ಕಟ್ಟೆ, ಕಚೇರಿ ಹೇಳುತ್ತಾರೆ. ಯಾವ ವರ್ಷ ಮನೆಯಲ್ಲಿ ಅಕ್ಕಿ ಇರಲಿಲ್ಲ, ಯಾರ ಮನೆಯಿಂದ ಕಡ ತಂದರು, ಅದನ್ನು ಯಾರು ಯಾವತ್ತೂ ವಾಪಸು ಕೇಳಲಿಲ್ಲ, ಇದು ಹೆಂಗಸರಿಗೆ ಮಾತ್ರ ಗೊತ್ತು. ನಮ್ಮ ಆಯಿ ಒಂದೇ ಮಧ್ಯಾಹ್ನ, ಬಂಗಡೆ ಕೊಯ್ಯುತ್ತಾ, ಅಪ್ಪ ನನಗೆ ಯಾವತ್ತೂ ಹೇಳದ ನಾಲ್ಕು ವಿಷಯ ಹೇಳಿದಳು. ಆ ರಾತ್ರಿ ಒಡೆಯರ ಮನೆಯಿಂದ ಯಾರೋ ಬಂದದ್ದು ಅವಳಿಗೂ ನೆನಪಿದೆ. ಒಳಗಿನ ಕೋಣೆಯಲ್ಲಿ ಕೂಸನ್ನು ಮಲಗಿಸುತ್ತಿದ್ದಳಂತೆ, ಮಾತು ಕೇಳಿಸಲಿಲ್ಲವಂತೆ.

ಮತ್ತೆ ದೀಪಾವಳಿಯವರೆಗೆ ಯಾಕೆ ಕಾಯುತ್ತೀರಿ? ಇವತ್ತು ಸಂಜೆಯೇ ಫೋನ್ ಮಾಡಿ, ಗದ್ದೆಗೆ ನೀರು ಎಷ್ಟಾಗಿದೆ ಎಂದು ಕೇಳಿ.