ಹಿತ್ತಿಲ ನಾಲ್ಕು ಸೆಂಟ್ಸಿಗೆ ಇಂಟರ್‌ಲಾಕ್ ಬೇಕಾ?

ಪ್ರಶ್ನೆ: ಕಾಸರಗೋಡು ಪೇಟೆಯಲ್ಲಿ ಮೂರನೇ ಮಹಡಿಯ ಫ್ಲಾಟ್ ನಮ್ಮದು. ಇಬ್ಬರು ಮಕ್ಕಳು, ಎಂಟು ಮತ್ತು ನಾಲ್ಕು ವರ್ಷ. ಕೆಳಗೆ ಪೂರಾ ಪಾರ್ಕಿಂಗ್. ಹಿಂದುಗಡೆ ಒಂದು ಹಲಸಿನ ಮರ ಇರುವ ನಾಲ್ಕು ಸೆಂಟ್ಸ್ ಜಾಗ ಇದೆ. ಅಲ್ಲಿಗೂ ಇಂಟರ್‌ಲಾಕ್ (ಸಿಮೆಂಟ್ ಇಟ್ಟಿಗೆಯ ಹಾಸು) ಹಾಕಿಸಿ ಪ್ಲಾಸ್ಟಿಕ್ ಜಾರುಬಂಡಿ ಇಡೋಣ ಅಂತ ಅಸೋಸಿಯೇಷನ್‌ನವರು ಹೇಳುತ್ತಿದ್ದಾರೆ. ದೊಡ್ಡವಳಿಗೆ ಈ ವರ್ಷ ಕನ್ನಡಕ ಬಂತು, ಮನೆಗೆ ಬಂದರೆ ಮೊಬೈಲೇ. ಏನು ಮಾಡಲಿ ಮೇಡಂ?

ಉತ್ತರ: ಮೊದಲು ಆ ಇಂಟರ್‌ಲಾಕ್ ನಿಲ್ಲಿಸಿ. ಮಣ್ಣು, ಅದರ ಮೇಲೆ ಹಲಸಿನ ನೆರಳು, ಇದಕ್ಕಿಂತ ಒಳ್ಳೆಯ ಆಟದ ಜಾಗ ಪೇಟೆಯಲ್ಲಿ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಜಾರುಬಂಡಿ ತಪ್ಪು ಅಂತಲ್ಲ. ಆದರೆ ಹತ್ತು, ಜಾರು, ಮತ್ತೆ ಹತ್ತು, ಅಷ್ಟೇ ಅಲ್ವಾ? ಕಳೆದ ಮಳೆಗಾಲದಲ್ಲಿ ನನ್ನ ಅಕ್ಕನ ಮನೆಯ ಅಂಗಳದಲ್ಲಿ ಐದು ವರ್ಷದ ಹುಡುಗನೊಬ್ಬ ಮಾಡಿನ ನೀರು ಹರಿಯುವಲ್ಲಿ ಕೂತು ಕೆಂಪುಕಲ್ಲಿನ ಚೂರು ಅಡ್ಡ ಇಟ್ಟು ಕಟ್ಟ ಕಟ್ಟುತ್ತಿದ್ದ. ನೀರು ಪಕ್ಕದಿಂದ ಸೋರಿತು. ಕೆಸರು ಮೆತ್ತಿದ. ಮತ್ತೆ ಸೋರಿತು. ಅಡಿಕೆ ಹಾಳೆಯ ತುಂಡೊಂದು ತಂದು ನಿಲ್ಲಿಸಿದ. ಮುಕ್ಕಾಲು ಗಂಟೆ ತಲೆ ಎತ್ತಲಿಲ್ಲ. ಡೆನ್ಮಾರ್ಕಿನ ಸೋರೆನ್ಸನ್ ಎಂಬ ಉದ್ಯಾನ ಶಿಲ್ಪಿಯೂ ಇದನ್ನೇ ಕಂಡಿದ್ದರು. ತಾನು ಮಾಡಿಕೊಟ್ಟ ಚಂದದ ಆಟದ ಬಯಲಿಗಿಂತ ಕಟ್ಟಡದ ಕೆಲಸ ನಡೆಯುವಲ್ಲಿ, ಹಲಗೆ ಇಟ್ಟಿಗೆಗಳ ಮಧ್ಯೆ ಮಕ್ಕಳು ಜಾಸ್ತಿ ಆಡುತ್ತಾರೆ ಅಂತ. 1943ರಲ್ಲಿ ಕೋಪನ್‌ಹೇಗನ್‌ನ ಎಮ್‌ಡ್ರಪ್‌ನಲ್ಲಿ ಅಂಥ ಸಾಮಾನುಗಳದ್ದೇ ಒಂದು ಆಟದ ಜಾಗ ಶುರುವಾಯಿತು.

ನಿಮ್ಮ ಹಿತ್ತಿಲಿಗೆ ಒಂದು ಪಿಕಪ್ ಮರಳು, ತೆಂಗಿನ ಗೆರಟೆ, ಹಳೆ ಹಲಗೆ, ನಾಲ್ಕು ಅಡಿಕೆ ಹಾಳೆ ಸಾಕು. ಹಾಳೆಯಲ್ಲಿ ತಮ್ಮನನ್ನು ಕೂರಿಸಿ ಎಳೆಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಹಲಸಿಗೆ ಒಂದು ಉಯ್ಯಾಲೆ ಕಟ್ಟಿ, ಅದರ ಕೆಳಗೆ ಒಂದು ಅಡಿ ದಪ್ಪಕ್ಕೆ ಮರಳು ಹಾಕಿ, ಬಿದ್ದರೂ ಪೆಟ್ಟು ಕಡಿಮೆ. ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ಗಟ್ಟಿ ಇದೆಯಾ ಅಂತ ಇವತ್ತೇ ನೋಡಿ. ಗೋಡೆ ಬದಿಯಲ್ಲಿ ಕಲ್ಲು ರಾಶಿ ಬೀಳಬಾರದು, ಹಾವು ಸೇರುತ್ತದೆ. ಆಟ ಮುಗಿದ ಮೇಲೆ ಗೆರಟೆ ಕವುಚಿ ಹಾಕಿಸಿ, ನೀರು ನಿಂತರೆ ಡೆಂಗಿ ಸೊಳ್ಳೆ. ಬೆಕ್ಕು ಬರುವುದಾದರೆ ರಾತ್ರಿ ಮರಳಿಗೆ ಟಾರ್ಪಾಲು.

ಕನ್ನಡಕದ ವಿಷಯ. ಬಂದ ನಂಬರ್ ಆಟದಿಂದ ಹೋಗುವುದಿಲ್ಲ, ಡಾಕ್ಟರ್ ಹೇಳಿದ್ದನ್ನು ಬಿಡಬೇಡಿ. ಆದರೆ ಚಿಕ್ಕವನಿಗಾಗಿ ಇದು ತಿಳಿದಿರಲಿ: ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಜಾಸ್ತಿ ಹೊರಗೆ ಬಿಟ್ಟು ನೋಡಿದರು. ಮೂರು ವರ್ಷದಲ್ಲಿ ಸಮೀಪದೃಷ್ಟಿ (ದೂರದ್ದು ಮಸುಕಾಗಿ ಕಾಣುವ ದೋಷ) ಹೊಸದಾಗಿ ಬಂದದ್ದು ಅವರಲ್ಲಿ ಶೇ. 30.4 ಮಕ್ಕಳಿಗೆ, ಹಾಗೆ ಬಿಡದ ಶಾಲೆಗಳಲ್ಲಿ ಶೇ. 39.5 ಮಕ್ಕಳಿಗೆ. ಈ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಹೊರಗಿನ ಬೆಳಕು ಮುಖ್ಯ. ಹಾಗಾಗಿ ಕತ್ತಲಾದ ಮೇಲೆ ಅಲ್ಲ, ಶಾಲೆಯಿಂದ ಬಂದು ತಿಂಡಿ ಆದ ಕೂಡಲೇ ಕೆಳಗೆ ಕಳಿಸಿ.

ಪ್ರಶ್ನೆ: ನಮ್ಮ ವಾರ್ಡಿನಲ್ಲಿ ಒಂದು ಪಾರ್ಕ್ ಕೂಡ ಇಲ್ಲ. ಯಾರಲ್ಲಿ ಕೇಳಬೇಕು? ನಮಗೆ ಮಲಯಾಳ ಬರೆಯಲು ಬರುವುದಿಲ್ಲ.

ಉತ್ತರ: ವಾರ್ಡ್ ಸಭೆಯಲ್ಲಿ ಕೇಳಿ. ಅರ್ಜಿ ಕನ್ನಡದಲ್ಲೇ ಇರಲಿ, ಕೇರಳದ ಭಾಷಾ ಕಾನೂನು ನಮ್ಮಂಥ ಭಾಷಾ ಅಲ್ಪಸಂಖ್ಯಾತರಿಗೆ ಆ ಹಕ್ಕು ಕೊಟ್ಟಿದೆ. ಸುಮ್ನೆ "ಪಾರ್ಕ್ ಬೇಕು" ಅಂತ ಬರೆದರೆ ಸಾಲದು, ಜಾಗ ತೋರಿಸಿ. ದೊಡ್ಡದೇ ಆಗಬೇಕಂತಿಲ್ಲ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಆಲ್ಡೊ ವಾನ್ ಐಕ್ ಎಂಬ ವಾಸ್ತುಶಿಲ್ಪಿ 1947ರಿಂದ ಖಾಲಿ ಬಿದ್ದ ಮೂಲೆಗಳಲ್ಲೇ 700ಕ್ಕೂ ಹೆಚ್ಚು ಆಟದ ಜಾಗ ಮಾಡಿಕೊಟ್ಟರು.

ಜಾಗಕ್ಕಿಂತ ದಾರಿ ನೋಡಿ. ಮನೆಯಿಂದ 300 ಮೀಟರ್ ಒಳಗೆ ಹಸಿರು ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ ಹೇಳುತ್ತದೆ. ಆದರೆ ಮಧ್ಯದಲ್ಲಿ ಹೆದ್ದಾರಿ ಇದ್ದರೆ ಆ 300 ಮೀಟರಿಗೆ ಅರ್ಥವೇ ಇಲ್ಲ. ಏಳು ವರ್ಷದ ಮಗುವಿನ ಕೈ ಬಿಟ್ಟು, ಅದರ ಹಿಂದೆ ನಡೆದು ನೋಡಿ. ಎಲ್ಲಿ ನೀವು ಓಡಿ ಹೋಗಿ ಕೈ ಹಿಡಿಯುತ್ತೀರೋ ಆ ಜಾಗವನ್ನು ಗುರುತು ಹಾಕಿಕೊಂಡು, ಅಲ್ಲಿ ಹಂಪ್ ಬೇಕು, ಚರಂಡಿಗೆ ಚಪ್ಪಡಿ ಬೇಕು ಅಂತ ಅದೇ ಅರ್ಜಿಯಲ್ಲಿ ಬರೆಯಿರಿ.