ಸೋತ ಟೀಮ್ ಜೊತೆ ನಿಂತವರು ದಡ್ಡರಲ್ಲ

ಓದುಗರ ಪತ್ರ: ಸರ್, ನಾನು ನ್ಯೂಯಾರ್ಕ್‌ನ ಕ್ವೀನ್ಸಲ್ಲಿದೀನಿ, ಊರು ಅರಸೀಕೆರೆ ಕಡೆ. ಇಲ್ಲಿಗೆ ಬಂದಾಗಿಂದ ಬೇಸ್‌ಬಾಲ್ ಹುಚ್ಚು, ಇಲ್ಲಿನ ಮೆಟ್ಸ್ ಟೀಮ್ ಅಂದ್ರೆ ಜೀವ. 2025ರಲ್ಲಿ ಜೂನ್‌ವರೆಗೂ ನಾವೇ ಟಾಪ್, ಕೊನೆಗೆ ಪ್ಲೇಆಫ್ ಕೂಡ ಸಿಗ್ಲಿಲ್ಲ. ಮಗ ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ಟೀಮ್ ಕಡೆ ಹೋಗ್ಬಿಟ್ಟ. ಭಾಮೈದ "ಸೋಲೋರಿಗೋಸ್ಕರ ಯಾಕ್ ಭಾವ ಟೈಮ್ ಹಾಳು ಮಾಡ್ಕೋತೀರ" ಅಂತಾನೆ. ನಾನು ದಡ್ಡನಾ?

ಉತ್ತರ: ಖಂಡಿತ ಅಲ್ಲ. ಈ ಸಲ ಬಂದ ಪತ್ರಗಳಲ್ಲಿ ನನ್ನನ್ನ ಬಹಳ ಹೊತ್ತು ಹಿಡಿದು ಕೂರಿಸಿದ್ದು ನಿಮ್ಮದೇ, ಅದಕ್ಕೆ ಮಿಕ್ಕ ಪತ್ರಗಳ ಜಾಗನೂ ಇದಕ್ಕೇ ಕೊಡ್ತಿದೀನಿ, ಬೇರೆ ಓದುಗರು ಬೇಜಾರು ಮಾಡ್ಕೋಬಾರ್ದು.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಅಲ್ಲಿ ಒಂದು ಸೀಸನ್ ಅಂದ್ರೆ 162 ಮ್ಯಾಚು, ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆವರೆಗೂ ಹೆಚ್ಚುಕಮ್ಮಿ ದಿನಾ ಆಟ. ಮೆಟ್ಸ್‌ನವರು ಹ್ವಾನ್ ಸೋಟೋ ಅನ್ನೋ ಒಬ್ಬ ಆಟಗಾರನಿಗೆ 15 ವರ್ಷಕ್ಕೆ 765 ಮಿಲಿಯನ್ ಡಾಲರ್ ಬರೆದುಕೊಟ್ಟು ಕರ್ಕೊಂಡ್ ಬಂದಿದ್ರು. ಜೂನ್ 12ಕ್ಕೆ 45 ಗೆಲುವು 24 ಸೋಲು, ಇಡೀ ಲೀಗಿಗೇ ಮೊದಲು. ಅವತ್ತೇ ಸೆಂಗಾ ಅನ್ನೋ ಪಿಚರ್, ಅಂದ್ರೆ ಬಾಲ್ ಹಾಕೋನು, ಎತ್ತರಕ್ಕೆ ಬಂದ ಥ್ರೋ ಹಿಡಿಯಕ್ಕೆ ಎಗರಿ ತೊಡೆ ಸ್ನಾಯು ಎಳ್ಕೊಂಡ, ಅಲ್ಲಿಂದ ಶುರುವಾಯ್ತು ಇಳಿಜಾರು. ಆಗಸ್ಟಲ್ಲಿ ಬ್ಯಾಟರ್ ಪೀಟ್ ಅಲೊನ್ಸೊ 253ನೇ ಹೋಮ್‌ರನ್ (ನಮ್ಮ ಸಿಕ್ಸರ್ ಥರ) ಹೊಡೆದು ಮೆಟ್ಸ್ ದಾಖಲೆ ಮುರಿದ, ಖುಷಿಪಟ್ರಿ, ಸೆಪ್ಟೆಂಬರ್ ಬಂದ ಕೂಡ್ಲೇ ಸಾಲಾಗಿ ಎಂಟು ಮ್ಯಾಚ್ ಸೋತ್ರು. ಕೊನೇ ದಿನ ಮಯಾಮಿಲಿ ಗೆದ್ದಿದ್ರೆ ಸಾಕಿತ್ತು, ಯಾಕಂದ್ರೆ ಅದೇ ಪ್ಲೇಆಫ್ ಜಾಗಕ್ಕೆ ಪೈಪೋಟಿಲಿದ್ದ ಸಿನ್ಸಿನಾಟಿನೂ ಅತ್ಲಾಗೆ ಸೋತಿತ್ತು. ಒಂಬತ್ತು ಇನ್ನಿಂಗ್ಸಿನ ಆಟದಲ್ಲಿ ನಾಲ್ಕನೇದ್ರಲ್ಲೇ ನಾಲ್ಕು ರನ್ ಬಿಟ್ಟುಕೊಟ್ರು. ಐದರಲ್ಲಿ ಮೂರೂ ಬೇಸಲ್ಲಿ ನಮ್ಮೋರು ಓಡಕ್ಕೆ ರೆಡಿಯಾಗಿ ನಿಂತಿದ್ರು, ಅಲೊನ್ಸೊ ಬಾರಿಸಿದ ಏಟು ಗುಂಡಿನ ಥರ ಹೋಯ್ತು, ಹೋಗಿದ್ದು ಸೀದಾ ಲೆಫ್ಟ್ ಫೀಲ್ಡರ್ ಕೈಗೆ. 4–0 ಸೋಲು. ಇಬ್ರಿಗೂ 83 ಗೆಲುವು, ಟೈಬ್ರೇಕರಲ್ಲಿ ಸಿನ್ಸಿನಾಟಿ ಒಳಗೆ, ನಾವು ಹೊರಗೆ.

ನಿಮ್ಮ ಭಾಮೈದನ ಮಾತಲ್ಲಿ ಒಂದಿಷ್ಟು ನಿಜ ಇದೆ. ಆರು ತಿಂಗಳು ದಿನಾ ರಾತ್ರಿ ಟಿವಿ ಮುಂದೆ ಕೂತ್ರೆ ನಿದ್ದೆ ಕೆಡತ್ತೆ, ಮನೆಯವರಿಗೂ ಕಿರಿಕಿರಿ, ಒಪ್ಪಿದೆ. ಆದ್ರೆ ಸೋಲೋರಿಗೋಸ್ಕರ ಅಂದ್ರಲ್ಲ, ಅದನ್ನ ಒಪ್ಪಲ್ಲ. ಇದೇ ಟೀಮ್ ಹುಟ್ಟಿದ ವರ್ಷ, 1962ರಲ್ಲಿ, 40 ಗೆದ್ದು 120 ಸೋತಿತ್ತು. ಆದ್ರೂ ಆಗ ಅವರು ಆಡ್ತಿದ್ದ ಪೋಲೊ ಗ್ರೌಂಡ್ಸ್ ಮೈದಾನಕ್ಕೆ 9 ಲಕ್ಷಕ್ಕೂ ಹೆಚ್ಚು ಜನ ಬಂದ್ರು. ಅದೇ ಮೈದಾನದಲ್ಲಿ ಜೈಂಟ್ಸ್ ಟೀಮ್ ಆಡಿದ ಕೊನೇ ವರ್ಷ 1957ರಲ್ಲಿ ಬಂದೋರು ಆರೂವರೆ ಲಕ್ಷ ಅಷ್ಟೇ. ಬರೀ ಗೆಲುವು ನೋಡಕ್ಕೇ ಜನ ಬರ್ತಾರೆ ಅನ್ನೋದಾದ್ರೆ ಈ ಲೆಕ್ಕ ಹೆಂಗೆ ಸರಿಹೋಗತ್ತೆ? ಆ ಜನ ಏಳೇ ವರ್ಷ ಕಾದ್ರು, 1969ರಲ್ಲಿ ಅದೇ ಮೆಟ್ಸ್ ವರ್ಲ್ಡ್ ಸೀರೀಸ್, ಅಂದ್ರೆ ಬೇಸ್‌ಬಾಲ್ ಫೈನಲ್ಲೇ, ಗೆದ್ದು ಕೂತ್ಕೊಂಡ್ತು. ಬಾಸ್ಟನ್‌ನೋರು 86 ವರ್ಷ ಕಾದಿದಾರೆ, ಶಿಕಾಗೋ ಕಬ್ಸ್‌ನೋರು 108 ವರ್ಷ, ಅಜ್ಜ ಅಪ್ಪ ಇಬ್ರೂ ನೋಡದೇ ಹೋದದ್ದನ್ನ ಮೊಮ್ಮಗ ನೋಡಿದಾನೆ.

ನ್ಯೂಜೆರ್ಸಿಲಿ ಅಕ್ಕನ ಮನೇಲಿದ್ದಾಗ ನಾನೂ ಮೆಟ್ಸ್ ಆಡೋ ಸಿಟಿ ಫೀಲ್ಡ್‌ಗೆ ಹೋಗಿದ್ದೆ. ಫ್ಲಶಿಂಗ್ ಗಣಪತಿಗೆ ಕೈಮುಗಿದು, ಕ್ಯಾಂಟೀನಲ್ಲಿ ದೋಸೆ ತಿಂದು, ಮೇನ್ ಸ್ಟ್ರೀಟಲ್ಲಿ 7 ನಂಬರ್ ಟ್ರೈನ್ ಹತ್ತಿದ್ರೆ ಮುಂದಿನ ಸ್ಟಾಪೇ ಸ್ಟೇಡಿಯಂ, ನಿಮಗೆ ಗೊತ್ತಿರೋದೇ. ಪಕ್ಕದ ಸೀಟಲ್ಲಿ ವಯಸ್ಸಾದ ಹೆಂಗಸೊಬ್ರು, ತೊಡೆ ಮೇಲೆ ಸ್ಕೋರ್‌ಕಾರ್ಡು, ಕೈಲಿ ಮೋಟು ಪೆನ್ಸಿಲ್ಲು. ಬ್ಯಾಟರ್ ಸ್ಟ್ರೈಕ್‌ಔಟ್ ಆದ್ರೆ ಇಂಗ್ಲಿಷಿನ ಕೆ ಅಕ್ಷರ ಬರೀತಿದ್ರು, ಬ್ಯಾಟೇ ಬೀಸದೆ ನಿಂತು ಔಟಾದ್ರೆ ಅದೇ ಕೆ ಉಲ್ಟಾ. ಏಳನೇ ಇನ್ನಿಂಗ್ಸ್ ಹೊತ್ತಿಗೆ ಮೆಟ್ಸ್ ಕಥೆ ಮುಗಿದಿತ್ತು, ಸುತ್ತಮುತ್ತ ಜನ ಎದ್ದು ಹೋಗ್ತಿದ್ರು, ಆಯಮ್ಮ ಮಾತ್ರ ಕೊನೇ ಔಟ್‌ವರೆಗೂ ಒಂದು ಚೌಕನೂ ಖಾಲಿ ಬಿಡ್ಲಿಲ್ಲ. ನಿಮ್ಮ ಪತ್ರ ಓದ್ತಾ ನನಗೆ ಅವರೇ ಕಣ್ಮುಂದೆ ಬಂದ್ರು.

ನನಗೆ ಸಿಟ್ಟು ಬರೋದು ಬೇರೆ ಕಡೆ. ಅಭಿಮಾನಿನ ಗಿರಾಕಿ ಅನ್ಕೊಂಡಿದಾರಲ್ಲ, ಅವರ ಮೇಲೆ. ಓಕ್ಲೆಂಡ್ ನೋಡಿ, 1968ರಿಂದ ಅಲ್ಲಿದ್ದ ಟೀಮನ್ನ 2024ರಲ್ಲಿ ಓನರ್ ಎತ್ಕೊಂಡು ಹೋದ್ರು, ಕೊನೇ ಮ್ಯಾಚಿಗೆ ಸುಮಾರು 47 ಸಾವಿರ ಜನ ಬಂದು ಅತ್ತರು. ಮೆಟ್ಸ್ ಓನರ್ ಸೀಸನ್ ಮುಗಿದ್ಮೇಲೆ ಕ್ಷಮೆ ಕೇಳಿದ್ರು, ಒಳ್ಳೇದು, ಆದ್ರೆ ಡಿಸೆಂಬರಲ್ಲಿ ಅಲೊನ್ಸೊ ಬಾಲ್ಟಿಮೋರ್‌ಗೆ ಹೋಗಿದ್ದನ್ನ ಯಾವ ಕ್ಷಮೆ ಸರಿಮಾಡತ್ತೆ? ಇನ್ನು ಬೆಟ್ಟಿಂಗ್ ಆ್ಯಪ್‌ಗಳು, ಎರಡು ಬಾಲ್ ಮಧ್ಯೆ ಉಸಿರಾಡಕ್ಕೂ ಬಿಡದಂಗೆ ಜಾಹೀರಾತು. ಕ್ಲೀವ್‌ಲ್ಯಾಂಡಿನ ಇಬ್ರು ಪಿಚರ್‌ಗಳ ಮೇಲೆ ಬೆಟ್ಟಿಂಗ್‌ನವರಿಗೋಸ್ಕರ ಬೇಕಂತ್ಲೇ ಕೆಟ್ಟ ಬಾಲ್ ಹಾಕಿದ ಆರೋಪದ ಕೇಸೇ ಆಗಿದೆ. ಆಟನ ಹಿಂಗೆ ಹಾಳು ಮಾಡ್ತಿರೋರಿಗೆ ಯಾರೂ ದಡ್ಡ ಅನ್ನಲ್ಲ, ದುಡ್ಡು ಹಾಕದೆ ಬರೀ ಪ್ರೀತಿಯಿಂದ ನೋಡೋರಿಗೆ ಅಂತಾರೆ.

ನಮ್ಮಲ್ಲೂ ಇದೇ ಕಥೆ. ಆರ್‌ಸಿಬಿ 2009, 2011, 2016ರಲ್ಲಿ ಫೈನಲ್ ಸೋತಾಗೆಲ್ಲ ಊರೋರು ಆಡ್ಕೊಂಡು ನಕ್ಕರು, "ಈ ಸಲ ಕಪ್ ನಮ್ದೆ" ಅಂತ ನಿಂತೋರು ನಿಂತೇ ಇದ್ರು, 2025ರ ಜೂನ್ 3ಕ್ಕೆ ಕಪ್ ಬಂತು. ಮಾರನೇ ದಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ 11 ಜನ ಹೋಗ್ಬಿಟ್ರು. ಅಷ್ಟು ವರ್ಷ ಕಾದವರನ್ನ ಒಂದು ದಿನ ಜೋಪಾನವಾಗಿ ನೋಡ್ಕೊಳ್ಳಕ್ಕಾಗ್ಲಿಲ್ವಲ್ಲ ಅನ್ನೋ ಸಂಕಟ ನನಗಿನ್ನೂ ಹೋಗಿಲ್ಲ.

ಮಗನ್ನ ಬಯ್ಯಕ್ಕೆ ಹೋಗ್ಬೇಡಿ. ಡಾಡ್ಜರ್ಸ್‌ನ ಸ್ಟಾರ್ ಒಹ್ತಾನಿ ಆಟ ನೋಡಿದ ಯಾವ ಹುಡುಗನಾದ್ರೂ ಮರುಳಾಗ್ತಾನೆ. ಆದ್ರೆ ಡಾಡ್ಜರ್ಸ್ 1957ರವರೆಗೂ ಬ್ರೂಕ್ಲಿನ್ನಲ್ಲೇ ಇತ್ತು, ಊರು ಬಿಟ್ಟು ಲಾಸ್ ಏಂಜಲೀಸ್‌ಗೆ ಹೋಯ್ತು, ಆ ಸಂಕಟದಲ್ಲೇ ಮೆಟ್ಸ್ ಹುಟ್ಟಿದ್ದು, ಟೋಪಿ ಮೇಲಿರೋ ನೀಲಿ ಡಾಡ್ಜರ್ಸದ್ದು ಕಿತ್ತಳೆ ಜೈಂಟ್ಸದ್ದು ಅಂತ ಅವನಿಗೆ ಕೂರಿಸ್ಕೊಂಡು ಹೇಳಿ. ಇಷ್ಟು ದಿನ ಹೇಳದೇ ಇದ್ದಿದ್ದು ನಿಮ್ಮ ತಪ್ಪು ನೋಡಿ. ಮಕ್ಕಳಿಗೆ ರ್‍ಯಾಂಕ್ ಬಂದೋರ ಫೋಟೋ ಮಾತ್ರ ತೋರಿಸಿ ಬೆಳೆಸ್ತೀವಿ, ಗೆದ್ದ ಟೀಮೇ ತನ್ನ ಟೀಮು ಅಂತ ಅವರು ಅನ್ಕೊಂಡ್ರೆ ಯಾರನ್ನ ಬಯ್ಯೋದು.

ನೋಲನ್ ಮೆಕ್ಲೀನ್ ಅನ್ನೋ ಪಿಚರ್ ಹುಡುಗ ಆಗಸ್ಟಲ್ಲಿ ಕೆಳಗಿನ ಲೀಗಿಂದ ಮೆಟ್ಸ್‌ಗೆ ಬಂದು ತಾನು ಶುರುಮಾಡಿದ ಮೊದಲ ನಾಲ್ಕು ಮ್ಯಾಚನ್ನೂ ಗೆದ್ದ, ಆ ಹಾಳು ಎರಡು ತಿಂಗಳಲ್ಲೂ ಅಂಥದ್ದೊಂದು ನೋಡಕ್ಕೆ ಸಿಕ್ಕಿದ್ದು ಬಿಡದೇ ಕೂತ ನಿಮ್ಮಂಥೋರಿಗೆ. ಹೊಸ ಸೀಸನ್ನಲ್ಲಿ ಅವನು ಹೆಂಗ್ ಹಾಕ್ತಿದಾನೆ ಅಂತ ಒಂದು ಪುಟ ಬರೆದು ಕಳಿಸಿ, ಪ್ರಿಂಟ್ ಮಾಡ್ತೀವಿ.