ಕಾಯಿ ಬಿದ್ದರೆ ಎಷ್ಟು ಬಲ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮರದಿಂದ ಬಿದ್ದ ತೆಂಗಿನಕಾಯಿ ನೆಲಕ್ಕೆ ಎಷ್ಟು ಬಲದಿಂದ ಬಡಿಯುತ್ತದೆ? ಒಂದೂವರೆ ಕಿಲೋ ಕಾಯಿಗೆ 1.5 × 9.8 = 14.7 ನ್ಯೂಟನ್ ಎಂದು ಬರೆದೆ. ಟೀಚರ್ ಒಪ್ಪಲಿಲ್ಲ. ಯಾಕೆ?
– ಒಂಬತ್ತನೇ ತರಗತಿ ವಿದ್ಯಾರ್ಥಿನಿ, ಬದಿಯಡ್ಕ

ಉತ್ತರ: ನೀವು ಲೆಕ್ಕ ಹಾಕಿದ್ದು ಕಾಯಿಯ ತೂಕವನ್ನು, ಅಂದರೆ ಭೂಮಿ ಅದನ್ನು ಎಳೆಯುವ ಬಲವನ್ನು. ಕಾಯಿ ಮರದಲ್ಲಿ ತೂಗುತ್ತಿದ್ದಾಗಲೂ ಆ ಬಲ ಅಷ್ಟೇ ಇತ್ತು. ನೆಲಕ್ಕೆ ತಾಗಿದ ಕ್ಷಣ ಇನ್ನೊಂದು ಬಲ ಬರುತ್ತದೆ: ಕಾಯಿಯನ್ನು ತಡೆಯಲು ನೆಲ ಅದನ್ನು ಮೇಲಕ್ಕೆ ಒತ್ತುವ ಬಲ. ಟೀಚರ್ ಕೇಳಿದ್ದು ಅದನ್ನು.

ಮರ 15 ಮೀಟರ್ ಎತ್ತರ ಎಂದಿಟ್ಟುಕೊಳ್ಳಿ. ಕೆಳಗೆ ಬರಲು ಬೇಕಾದ ಸಮಯ ಸುಮಾರು 1.75 ಸೆಕೆಂಡ್. ನೆಲ ಮುಟ್ಟುವಾಗಿನ ವೇಗ 2 × 9.8 × 15 ಇದರ ವರ್ಗಮೂಲ, ಅಂದರೆ ಸೆಕೆಂಡಿಗೆ 17 ಮೀಟರ್. ಗಂಟೆಗೆ 60 ಕಿಲೋಮೀಟರ್ ದಾಟಿತು! ಗಾಳಿಯ ತಡೆಯಿಂದ ನಿಜವಾದ ವೇಗ ಸ್ವಲ್ಪ ಕಡಿಮೆ. (ಅಡಿಕೆ ಸೋಗೆ ತೇಲುತ್ತಾ ಇಳಿಯುವುದೂ ಗಾಳಿಯ ತಡೆಯಿಂದಲೇ, ಹಗುರ ಎಂಬ ಕಾರಣಕ್ಕಷ್ಟೇ ಅಲ್ಲ. ನಾಣ್ಯಕ್ಕಿಂತ ಚಿಕ್ಕದಾಗಿ ಕತ್ತರಿಸಿದ ಕಾಗದವನ್ನು ನಾಣ್ಯದ ಮೇಲಿಟ್ಟು, ನಾಣ್ಯವನ್ನು ಮಲಗಿಸಿ ಹಿಡಿದು ಬಿಟ್ಟು ನೋಡಿ, ಎರಡೂ ಒಟ್ಟಿಗೆ ಬೀಳುತ್ತವೆ.)

ಕಾಯಿಯ ಶಕ್ತಿ ಈಗ 1.5 × 9.8 × 15, ಸುಮಾರು 220 ಜೂಲ್. ನಿಲ್ಲುವ ಮೊದಲು ಅದು ಎಷ್ಟು ದೂರ ತಗ್ಗಿತು ಎಂಬುದರಿಂದ ಇದನ್ನು ಭಾಗಿಸಿದರೆ ಸರಾಸರಿ ಬಲ ಸಿಗುತ್ತದೆ. ತೋಟದ ಮೆತ್ತನೆಯ ಮಣ್ಣು 10 ಸೆಂಟಿಮೀಟರ್ ತಗ್ಗಿದರೆ 2,200 ನ್ಯೂಟನ್. ಕೆಂಪುಕಲ್ಲಿನ ಅಂಗಳದಲ್ಲಿ ಸಿಪ್ಪೆ ಜಜ್ಜಿ ಒಂದೇ ಸೆಂಟಿಮೀಟರಿನಲ್ಲಿ ನಿಂತರೆ 22,000. ಕಾಯಿ ಅದೇ, ಎತ್ತರ ಅದೇ, ಬಲ ಹತ್ತು ಪಟ್ಟು. ಹೆಲ್ಮೆಟ್ಟಿನ ಒಳಗಿನ ಥರ್ಮೋಕೋಲ್ ಪದರದ ಕೆಲಸವೂ ಇದೇ, ನಿಲ್ಲಲು ಒಂದೆರಡು ಸೆಂಟಿಮೀಟರ್ ಹೆಚ್ಚು ಕೊಡುವುದು. ಒಮ್ಮೆ ಜಜ್ಜಿದ ಪದರ ಮತ್ತೆ ಆ ಕೆಲಸ ಮಾಡದು.

ನಿಲ್ಲುವ ದೂರವನ್ನೋ ಸಮಯವನ್ನೋ ಕೊಡದೆ ಬಡಿತದ ಬಲ ಕೇಳಿದ್ದರೆ ಪ್ರಶ್ನೆಯೇ ಅಪೂರ್ಣ. ಮತ್ತೊಂದು ಮಾತು: ಸೆಂಟಿಮೀಟರನ್ನು ಮೀಟರಿಗೆ ಬದಲಿಸದೆ ಭಾಗಿಸಿ ಅಂಕ ಕಳೆದುಕೊಳ್ಳುವವರೇ ಹೆಚ್ಚು.

ಪ್ರಶ್ನೆ: ಬಸ್ಸು ತಿರುವಿನಲ್ಲಿ ಹೋಗುವಾಗ ನಮ್ಮನ್ನು ಹೊರಕ್ಕೆ ತಳ್ಳುವ ಬಲ ಯಾವುದು?
– ವಿದ್ಯಾರ್ಥಿ, ಮುಳ್ಳೇರಿಯ

ಉತ್ತರ: ರಸ್ತೆ ಬದಿಯಲ್ಲಿ ನಿಂತು ನೋಡುವವನಿಗೆ ಅಂಥ ಬಲವೇ ಇಲ್ಲ. ನಿಮ್ಮ ದೇಹ ನೇರ ಹೋಗಲು ನೋಡುತ್ತದೆ, ಬಸ್ಸು ತಿರುಗುತ್ತದೆ. ಸೀಟಿನ ಘರ್ಷಣೆ ಮತ್ತು ಪಕ್ಕದ ತಗಡು ನಿಮ್ಮನ್ನು ಒಳಕ್ಕೆ ತಳ್ಳುತ್ತವೆ. 25 ಮೀಟರ್ ತ್ರಿಜ್ಯದ ತಿರುವು, ಗಂಟೆಗೆ 36 ಕಿಲೋಮೀಟರ್ ವೇಗ, 50 ಕಿಲೋ ಮನುಷ್ಯ ಎಂದಾದರೆ ಬೇಕಾದ ಬಲ 200 ನ್ಯೂಟನ್. ವೇಗ 54ಕ್ಕೆ ಏರಿದರೆ 450.

ಪ್ರಶ್ನೆ: ಗುರುತ್ವ ಊರಿಂದೂರಿಗೆ ಬದಲಾಗುತ್ತದಂತೆ. ಹಾಗಾದರೆ ಅಡಿಕೆ ತೂಕದಲ್ಲಿ ನಮಗೆ ನಷ್ಟವೇ?
– ಕೃಷಿಕ, ಪೆರ್ಲ

ಉತ್ತರ: ಎರಡು ತಟ್ಟೆಯ ತಕ್ಕಡಿಯಲ್ಲಿ ಇಲ್ಲ. ಬಟ್ಟನ್ನೂ ಅಡಿಕೆಯನ್ನೂ ಭೂಮಿ ಒಂದೇ ರೀತಿ ಎಳೆಯುತ್ತದೆ. ಎಲೆಕ್ಟ್ರಾನಿಕ್ ತಕ್ಕಡಿ ಅಳೆಯುವುದು ಬಲವನ್ನು. ಗುರುತ್ವ ವೇಗೋತ್ಕರ್ಷ (ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಎಷ್ಟು ಹೆಚ್ಚುತ್ತದೆ ಎಂಬ ಅಂಕಿ) ನಮ್ಮಲ್ಲಿ 9.78, ದೆಹಲಿಯಲ್ಲಿ 9.79. ಅಲ್ಲಿ ಹೊಂದಿಸಿದ ಯಂತ್ರವನ್ನು ಹಾಗೆಯೇ ಇಲ್ಲಿ ಇಟ್ಟರೆ ಕ್ವಿಂಟಾಲಿಗೆ 90 ಗ್ರಾಂನಷ್ಟು ಕಡಿಮೆ ತೋರಿಸೀತು. ಬಳಸುವ ಊರಿನಲ್ಲೇ ಮುದ್ರೆಯ ಬಟ್ಟಿಟ್ಟು ಹೊಂದಿಸಿದರೆ ಈ ವ್ಯತ್ಯಾಸ ಉಳಿಯದು.

ನೀವು ನೋಡಬೇಕಾದದ್ದು ನೆಲವನ್ನು. ಯಂತ್ರ 5 ಡಿಗ್ರಿ ವಾಲಿದ್ದರೆ ಕ್ವಿಂಟಾಲಿಗೆ 380 ಗ್ರಾಂ ಹೋಯಿತು, ಯಾಕೆಂದರೆ ತಟ್ಟೆಗೆ ಲಂಬವಾಗಿ ಬೀಳುವ ಬಲವಷ್ಟೇ ಲೆಕ್ಕಕ್ಕೆ ಬರುತ್ತದೆ. ಮಟ್ಟದ ಗುಳ್ಳೆ ನಡುವಿನಲ್ಲಿದೆಯೇ ನೋಡಿ. 20 ಕಿಲೋ ಬಟ್ಟನ್ನು ನಡುವೆ ಇಡಿ, ಆಮೇಲೆ ನಾಲ್ಕೂ ಮೂಲೆಯಲ್ಲಿ ಇಡಿ. ಅಂಕಿ ಬೇರೆ ಬೇರೆ ಬಂದರೆ ಲೋಡ್ ಸೆಲ್ (ಯಂತ್ರದಲ್ಲಿ ಬಲ ಅಳೆಯುವ ಭಾಗ) ಅಥವಾ ತಟ್ಟೆ ಸರಿಯಿಲ್ಲ, ಅಲ್ಲಿ ಮೂಟೆ ಇಳಿಸಬೇಡಿ.